ಬೋರೇಗೌಡರು ಹಾರಿಸದ ಬಾವುಟ

ಹೊಸದಾಗಿ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ನಿವೃತ್ತ ನೌಕರರು ಕೆಲವರು ಕೇಳಿ ಆರು ತಿಂಗಳಾಯಿತು. ಎರಡು ಸಲ ಬರೆದೆ, ಎರಡು ಸಲವೂ ಹರಿದುಹಾಕಿದೆ. ಓದಿ ನೋಡಿದರೆ ಎರಡರಲ್ಲೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಸೇರಿದ ದಿನ, ಬಡ್ತಿ ಸಿಕ್ಕಿದ ದಿನ, ವರ್ಗವಾದ ದಿನ ಎಲ್ಲರ ಸೇವಾ ಪುಸ್ತಕದಲ್ಲೂ ಇರುತ್ತವೆ. ಅದರಲ್ಲಿ ಇಲ್ಲದ್ದನ್ನು ಹೇಳುವುದಾದರೆ ಮಾತ್ರ ಬರೆಯಬೇಕು ಅನ್ನಿಸಿ ಮೂರನೆಯ ಸಲ ಕೂತಿದ್ದೇನೆ.

ನಾನು ಹೊಳೇನರಸೀಪುರದವಳು. ನಮ್ಮ ತಂದೆ ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡಿದ್ದರು. ಎಸ್ಸೆಸ್ಸೆಲ್ಸಿ ಆದಮೇಲೆ ಪೇಟೆಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಸೀನಿಯರ್ ಪಾಸು ಮಾಡಿದೆ. ಅದೊಂದು ಸರ್ಟಿಫಿಕೇಟು ನನ್ನನ್ನು ಮೂವತ್ತೆರಡು ವರ್ಷ ಸಾಕಿತು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಚನ್ನರಾಯಪಟ್ಟಣದ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಕಿಟಕಿಯಾಚೆ ತೆಂಗಿನಕಾಯಿ ಮಂಡಿ. ಕಾಯಿ ಎಣಿಸುವವರು ರಾಗವಾಗಿ ಎಣಿಸುತ್ತಿದ್ದರು. ಅದರ ಜೊತೆ ನನ್ನ ಮಿಷನ್ನಿನ ಸದ್ದು. ಹೆಡ್ ಕ್ಲರ್ಕು ರಾಮಚಂದ್ರಯ್ಯ ಅಂತ, ನಶ್ಯ ಹಾಕುವ ಮನುಷ್ಯ, ಕಡತದ ಭಾಷೆಯಲ್ಲಿ ನನಗೆ ಗುರು ಅವರೇ.

ಒಂದು ವರ್ಷ ಆಗಸ್ಟ್ ಹದಿನೈದರ ಆಹ್ವಾನ ಪತ್ರಿಕೆಯನ್ನು ಸ್ಟೆನ್ಸಿಲ್ಲಿನ ಮೇಲೆ ಟೈಪು ಮಾಡಿದ್ದೆ. ‘ಬೆಳಿಗ್ಗೆ ಒಂಬತ್ತಕ್ಕೆ ಧ್ವಜಾರೋಹಣ’ ಅಂತ ಇರಬೇಕಾದಲ್ಲಿ ‘ಧ್ವಜಾವರೋಹಣ’ ಅಂತ ಹೊಡೆದಿದ್ದೆ. ಬಾವುಟ ಏರಿಸಲು ಕರೆಯಬೇಕಾದವರನ್ನು ಇಳಿಸಲು ಕರೆದಿದ್ದೆ. ಸೈಕ್ಲೋಸ್ಟೈಲ್ ಆಗಿ ಅರ್ಧ ಊರಿಗೆ ಹಂಚಿದ ಮೇಲೆ ಒಬ್ಬ ಕನ್ನಡ ಮೇಷ್ಟ್ರು ಬಂದು ತೋರಿಸಿದರು. ಸಾಹೇಬರು ಕೂಗಾಡಿದಾಗ ರಾಮಚಂದ್ರಯ್ಯನವರು ಎದ್ದು ನಿಂತು, “ತಿದ್ದಿ ನೋಡ್ಬೇಕಾಗಿದ್ದೋನು ನಾನು ಸಾರ್, ಆ ಹುಡುಗಿ ಅಲ್ಲ” ಅಂದರು. ಆಮೇಲೆ ನಾವಿಬ್ಬರೂ ಮನೆಮನೆಗೆ ಹೋಗಿ ಪೆನ್ನಿನಿಂದ ಆ ಒಂದು ಅಕ್ಷರ ಹೊಡೆದುಹಾಕಿ ಬಂದೆವು. ದಾರಿಯಲ್ಲಿ ಅವರು ನಗುತ್ತಿದ್ದರು. ನನಗೆ ಅಳು.

ಅದೇ ರಾಮಚಂದ್ರಯ್ಯನವರೇ ನನಗೆ ಇನ್ನೊಂದನ್ನೂ ಕಲಿಸಿದರು. ನಾನು ಒಂದು ಟಿಪ್ಪಣಿಯಲ್ಲಿ ‘ಈ ಅರ್ಜಿಯನ್ನು ನಾವು ನೋಡಲಿಲ್ಲ’ ಅಂತ ಬರೆದಿದ್ದೆ. ಅದನ್ನು ಹೊಡೆದು ‘ಸದರಿ ಅರ್ಜಿಯು ಪರಿಶೀಲನೆಯಲ್ಲಿರುತ್ತದೆ’ ಅಂತ ಮಾಡಿದರು. “ಕಾಗದದಲ್ಲಿ ‘ನಾನು’, ‘ನಾವು’ ಅಂತ ಬರಬಾರದು ಕಣಮ್ಮ. ‘ಮಾಡಲಾಯಿತು’ ಅಂತ ಬರಿ. ಯಾರು ಮಾಡಿದ್ರು, ಯಾರು ಮಾಡ್ಲಿಲ್ಲ, ಯಾರೂ ಕೇಳೋಲ್ಲ.” ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವರು ಮಾಡಿ ತೋರಿಸಿದ್ದಕ್ಕಿಂತ ಬಾಯಲ್ಲಿ ಹೇಳಿದ್ದನ್ನೇ ನಾನು ಚೆನ್ನಾಗಿ ಕಲಿತೆ.

ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿದ ಕಾಲಕ್ಕೆ ನನ್ನನ್ನು ಹಾಸನಕ್ಕೆ ನಿಯೋಜನೆ ಮೇಲೆ ಕಳಿಸಿದರು. ಆಗಸ್ಟ್ ಹದಿನೈದು ಬರೀ ರಜೆಯ ದಿನವಾಗಿ ಹೋಗಿದೆ, ಅದು ಹಳ್ಳಿಹಳ್ಳಿಗೂ ತಲುಪುವಂತೆ ನೋಡಿಕೊಳ್ಳಬೇಕು ಅಂತ ಕಾನೂನು ಮಾಡಿ ಒಂದು ಆಯೋಗ ನೇಮಿಸಿದ್ದರು. ಅದರ ಪೂರ್ತಿ ಹೆಸರು ಇಲ್ಲಿ ಬೇಡ. ಜಿಲ್ಲೆಗೊಂದು ಘಟಕ, ನಮ್ಮದು ಬಾಡಿಗೆ ಕಟ್ಟಡದ ಮಾಳಿಗೆಯಲ್ಲಿ ಎರಡು ಕೋಣೆ. ಒಬ್ಬರು ವಿಶೇಷಾಧಿಕಾರಿ, ಒಬ್ಬ ಜವಾನ, ನಾನು. ಕಾನೂನಿನ ಕೊನೆಯ ಕಲಮಿನಲ್ಲಿ ಆಯೋಗದ ಆಯುಸ್ಸನ್ನೂ ಬರೆದಿದ್ದರು: ಮೂರು ವರ್ಷ.

ಕೆಟ್ಟ ಕೆಲಸವೇನೂ ಆಗಿರಲಿಲ್ಲ ಅದು. ಮುಖ್ಯ ಅತಿಥಿ ಬರುವ ತನಕ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಬಾರದು ಅಂತ ಆಯೋಗದಿಂದಲೇ ಸುತ್ತೋಲೆ ಹೋಗಿತ್ತು. ಅದು ನಡೆದ ಕಡೆ ಮಕ್ಕಳು ತಲೆ ತಿರುಗಿ ಬೀಳುವುದು ನಿಂತಿತು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ನಿಯಮ. ಪ್ರತಿ ತಾಲ್ಲೂಕಿನಲ್ಲೂ ಬಾವುಟ ಹಾರಿಸುವಾಗ, ಚಳವಳಿಯಲ್ಲಿದ್ದು ಇನ್ನೂ ಬದುಕಿರುವವರಲ್ಲಿ ಹಿರಿಯರೊಬ್ಬರನ್ನು ಕರೆಸಿ, ಹಗ್ಗ ಅವರ ಕೈಗೇ ಕೊಡಬೇಕು. ಒಬ್ಬರಿಗೆ ಒಂದೇ ಸಲ. ಎಲ್ಲರಿಗೂ ಸರದಿ ಬರಲಿ ಅಂತ.

ಆ ಪಟ್ಟಿ ಮಾಡುವುದು ನನ್ನ ಕೆಲಸ. ಅದಕ್ಕಾಗಿ ಬಂದ ಅರ್ಜಿಗಳನ್ನು ಓದುತ್ತಾ ಎಷ್ಟೋ ಸಲ ಊಟದ ಡಬ್ಬಿ ಬಿಚ್ಚುವುದನ್ನೇ ಮರೆತಿದ್ದೆ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ಬೋರೇಗೌಡ ಅನ್ನುವವರ ಅರ್ಜಿ ಬಂದಿತ್ತು. ಊರಿನ ಮೇಷ್ಟ್ರ ಕೈಯಲ್ಲಿ ಬರೆಸಿದ್ದು. ನಲವತ್ತೆರಡರಲ್ಲಿ ಅವರಿಗೆ ಹದಿನೇಳು. ಸಂತೆಮಾಳದ ಹುಣಸೆಮರ ಹತ್ತಿ, ಮೂರು ತುಂಡು ಬಟ್ಟೆ ಸೇರಿಸಿ ಹೊಲಿದ ಬಾವುಟ ಕಟ್ಟಿದ್ದರು. ಇಳಿಯುವಷ್ಟರಲ್ಲಿ ಪೊಲೀಸರು ಬಂದರು. ಮಂಡಿಯ ಮೇಲೆ ಬಿದ್ದ ಲಾಠಿಯೇಟಿಗೆ ಬಲಗಾಲು ಆಮೇಲೆ ಮಡಿಸಲು ಬರಲೇ ಇಲ್ಲ. ಕೊನೆಯಲ್ಲಿ ಒಂದು ಸಾಲು: ‘ಆವತ್ತು ಕದ್ದು ಕಟ್ಟಿದ್ದು. ಒಂದು ಸಲ ಎಲ್ಲರ ಎದುರಿಗೆ ಕಟ್ಟಬೇಕು ಅಂತ ಆಸೆ ಇದೆ. ಬೇರೆ ಏನೂ ಬೇಡ.’

ಮೂರನೆಯ ವರ್ಷ ಅರಕಲಗೂಡಿನ ಸರದಿ ಅವರದ್ದು. ಆಹ್ವಾನ ಪತ್ರ ಟೈಪು ಮಾಡಿದೆ, ಸಾಹೇಬರ ಸಹಿ ಮಾಡಿಸಿದೆ, ಲಕೋಟೆಗೆ ಹಾಕಿ ವಿಳಾಸ ಬರೆದೆ. ಅಷ್ಟರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಬಂದವರು ಮೇಜು ಸರಿಸಿದರು, ತಂತಿ ಎಳೆದರು, ನನ್ನ ಹಳೆಯ ಮಿಷನ್ನನ್ನು ಮೂಲೆಗಿಟ್ಟರು. ನಾನೂ ಸಂಭ್ರಮದಲ್ಲಿದ್ದೆ. ತಪ್ಪು ಹೊಡೆದರೆ ಬಿಳಿ ದ್ರಾವಣ ಹಚ್ಚಬೇಕಿಲ್ಲ, ಕಾರ್ಬನ್ ಮಸಿ ಕೈಗೆ ಹತ್ತುವುದಿಲ್ಲ, ಹೋದ ವರ್ಷದ ವರದಿಯನ್ನು ತೆರೆದು ಇಸವಿ ಬದಲಾಯಿಸಿದರೆ ಈ ವರ್ಷದ ವರದಿ ಸಿದ್ಧ.

ಆಗಸ್ಟ್ ಇಪ್ಪತ್ತರ ಸುಮಾರಿಗೆ, ಇನ್ನು ಬೇಕಾಗದ ಕಾರ್ಬನ್ ಹಾಳೆಗಳನ್ನು ಬಿಸಾಡೋಣ ಅಂತ ಡ್ರಾಯರ್ ಎಳೆದೆ. ಹಾಳೆಗಳ ಕೆಳಗೆ ಬೋರೇಗೌಡರ ಲಕೋಟೆ ಇತ್ತು.

ಅರಕಲಗೂಡಿನಲ್ಲಿ ಆ ದಿನ ಏನಾಯಿತು ಅಂತ ಫೋನು ಮಾಡಿ ವಿಚಾರಿಸಿದೆ. ಹಿರಿಯರು ಯಾರೂ ಬಂದಿರಲಿಲ್ಲವಂತೆ. ಇನ್ನೆಷ್ಟು ಹೊತ್ತು ಕಾಯುವುದು ಅಂತ ಅವರಿಲ್ಲದೆಯೇ ಬಾವುಟ ಹಾರಿಸಿದರಂತೆ. ಬೋರೇಗೌಡರಿಗೆ ತಮ್ಮನ್ನು ಕರೆಯಬೇಕಾಗಿತ್ತು ಅನ್ನುವುದೇ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಅವರಿಗೆ ಬೇಜಾರೂ ಇಲ್ಲ, ಮುಂದಿನ ವರ್ಷ ಮೊದಲ ಹೆಸರೇ ಅವರದ್ದು ಹಾಕಿದರಾಯಿತು ಅಂದುಕೊಂಡೆ. ಸಾಹೇಬರ ಹತ್ತಿರ ಹೋಗಿ ಹೇಳಬೇಕಿತ್ತು. ಬಾಗಿಲ ತನಕ ಹೋದೆ. ಅವರು ಯಾರಿಗೋ ಬೈಯುತ್ತಿದ್ದರು. ವಾಪಸು ಬಂದು ಲಕೋಟೆಯನ್ನು ಹರಿದು ಬುಟ್ಟಿಗೆ ಹಾಕಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆಯೋಗದ ಮೂರು ವರ್ಷ ಮುಗಿಯುತ್ತಾ ಬಂದಿತ್ತು. ಅವಧಿ ಮುಂದುವರಿಸಲು ವಿಧಾನಮಂಡಲಕ್ಕೆ ತಿದ್ದುಪಡಿ ವಿಧೇಯಕ ಬಂತು. ಅದರ ಪ್ರತಿ ನಮಗೂ ಬಂದಿತ್ತು. ಒಂದೇ ಒಂದು ತಿದ್ದುಪಡಿ: ‘ಮೂರು ವರ್ಷಗಳು’ ಎಂಬ ಪದಗಳಿಗೆ ಬದಲಾಗಿ ‘ಆರು ವರ್ಷಗಳು’ ಎಂಬ ಪದಗಳನ್ನು ಪ್ರತಿಯೋಜಿಸತಕ್ಕದ್ದು. ನನಗೆ ಅದೊಂದು ತಮಾಷೆಯಾಗಿ ಕಂಡಿತ್ತು. ಆದರೆ ಬೆಂಗಳೂರಿನಲ್ಲಿ ತಮಾಷೆ ಇರಲಿಲ್ಲ. ಈ ಆಯೋಗ ಕಾರ್ಡು ಅಚ್ಚುಹಾಕಿಸಿದ್ದು ಬಿಟ್ಟರೆ ಏನು ಮಾಡಿದೆ ಅಂತ ಕೆಲವು ಸದಸ್ಯರು ಎದ್ದು ಕೇಳಿದರಂತೆ. ಉತ್ತರಕ್ಕೆ ಸಾಮಗ್ರಿ ಬೇಕು, ಪ್ರತಿ ಜಿಲ್ಲೆಯಿಂದ ಮನಮುಟ್ಟುವ ಒಂದು ಪ್ರಸಂಗ ಸಂಜೆಯೊಳಗೆ ಕಳಿಸಿ ಅಂತ ಫ್ಯಾಕ್ಸ್ ಬಂತು.

ಸಾಹೇಬರು ನನ್ನನ್ನು ಕರೆದರು. ಅವರ ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಎಲ್ಲೋ ಚೆನ್ನಾಗಿದ್ದಾರೆ. ಚುರುಕು ಮನುಷ್ಯ, ಕೆಟ್ಟವರಲ್ಲ, ಆದರೆ ಮೇಲಿನವರ ಫೋನು ಬಂದರೆ ಎದ್ದು ನಿಂತು ಮಾತಾಡುವವರು.

“ನೋಡಿ ವಿಜಯಮ್ಮ, ಕೆಲಸ ಎಲ್ಲಾ ಮುಗಿದಿದೆ ಅಂತ ಬರೆದ್ರೆ ಆಯೋಗ ಯಾಕೆ ಬೇಕು ಅಂತಾರೆ. ಏನೂ ಆಗಿಲ್ಲ ಅಂತ ಬರೆದ್ರೆ ಇದ್ದೂ ಏನು ಪ್ರಯೋಜನ ಅಂತಾರೆ. ಸ್ವಲ್ಪ ಆಗಿದೆ, ಸ್ವಲ್ಪ ಉಳಿದಿದೆ, ಹಂಗೆ ಬರೀರಿ. ಒಬ್ಬ ಮುದುಕರನ್ನ ಹಾಕಿ. ಕಣ್ಣಲ್ಲಿ ನೀರು ಬರ್ಬೇಕು.”

“ಯಾರದ್ದು ಹಾಕಲಿ ಸಾರ್?”

“ಯಾರ ಫೈಲು ದಪ್ಪಗಿದೆಯೋ ಅವರದ್ದು.”

ಬೋರೇಗೌಡರ ಫೈಲೇ ದಪ್ಪಗಿತ್ತು. ಮೇಷ್ಟ್ರು ಅಷ್ಟು ಚೆನ್ನಾಗಿ ಬರೆದಿದ್ದರು. ಕಂಪ್ಯೂಟರಿನ ಮುಂದೆ ಕೂತು ಏಳು ಸಾಲು ಬರೆದೆ. ಹುಣಸೆಮರ, ಲಾಠಿ, ಮಡಿಸಲಾಗದ ಕಾಲು ಎಲ್ಲಾ ಬಂತು. ಆಮೇಲೆ ಹೀಗೆ: ‘ಈ ವರ್ಷ ಅರಕಲಗೂಡಿನಲ್ಲಿ ಸದರಿಯವರ ಹಸ್ತದಿಂದಲೇ ಧ್ವಜಾರೋಹಣ ನೆರವೇರಿಸಲಾಯಿತು. ಅಂದು ಕದ್ದು ಕಟ್ಟಿದ ಬಾವುಟವನ್ನು ಇಂದು ಎಲ್ಲರ ಎದುರು ಕಟ್ಟಿದೆನೆಂದು ಅವರು ಕಣ್ಣೀರಿಟ್ಟರು. ಇಂಥ ಅನೇಕರ ಸರದಿ ಇನ್ನೂ ಬಾಕಿಯಿರುತ್ತದೆ.’

ಸಾಹೇಬರು ಓದಿ ಕನ್ನಡಕ ತೆಗೆದರು. “ಚೆನ್ನಾಗಿ ಬಂದಿದೆ ಕಣಮ್ಮ” ಅಂದರು. ಅವರು ಹೊಗಳಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ನನಗೆ ಆ ಹೊತ್ತಿನಲ್ಲಿ ನಾಚಿಕೆಯಾಗಲಿಲ್ಲ, ಸಂತೋಷವಾಯಿತು. ಆ ಪ್ರಸಂಗ ನಡೆದಿದೆಯೇ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಯಾರು ನೆರವೇರಿಸಿದರು ಅಂತ ಆ ‘ನೆರವೇರಿಸಲಾಯಿತು’ ಕೂಡ ಹೇಳಲಿಲ್ಲ.

ಇಪ್ಪತ್ತು ಚಿಲ್ಲರೆ ಪ್ರಸಂಗಗಳು ಹೋಗಿದ್ದಿರಬೇಕು. ಸದನದಲ್ಲಿ ಓದಿದ್ದು ನನ್ನದನ್ನು. ವಿಧೇಯಕ ಪಾಸಾಯಿತು. ಆಯೋಗಕ್ಕೆ ಇನ್ನೂ ಮೂರು ವರ್ಷ ಸಿಕ್ಕಿತು. ಆ ಜಾಗದಲ್ಲಿ ನನಗೂ. ಮಾರನೆಯ ದಿನ ಪತ್ರಿಕೆಯೊಂದರ ಒಳಪುಟದಲ್ಲಿ ‘ಅಂದು ಕದ್ದು, ಇಂದು ಮೆರೆದು’ ಅಂತ ತಲೆಬರಹ ಹಾಕಿ ಹೆಸರು, ಊರು ಸಮೇತ ಬಂದಿತ್ತು. ಸಾಹೇಬರು ಜವಾನನ ಕೈಯಲ್ಲಿ ಮೈಸೂರುಪಾಕು ತರಿಸಿದರು. ನಾನೂ ಎರಡು ತುಂಡು ತಿಂದೆ.

ವಾರ ಕಳೆದಿರಬಹುದು. ಮಧ್ಯಾಹ್ನ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಯಾರೋ ಹತ್ತುವ ಸದ್ದಾಯಿತು. ಒಂದು ಕಾಲು ಎತ್ತಿಡುವುದು, ಇನ್ನೊಂದನ್ನು ಎಳೆದುಕೊಳ್ಳುವುದು. ಯಾರು ಅಂತ ಅವರ ಮುಖ ಕಾಣುವ ಮೊದಲೇ ನನಗೆ ಗೊತ್ತಾಯಿತು. ಬಿಳಿ ಪಂಚೆ, ತೋಳಿನ ಬನಿಯನ್ನಿನ ಮೇಲೆ ಒಗೆದ ಟವೆಲು, ತೆಳ್ಳನೆಯ ಎತ್ತರದ ಮುದುಕರು. ನಾನು ಕೊಟ್ಟ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲೆ ಇಟ್ಟು ಸವರಿದರು.

“ಅಮ್ಮಾವ್ರೆ, ಇದನ್ನ ನಮ್ಮೂರ್ ಮೇಷ್ಟ್ರು ಓದುದ್ರು. ನಂಗೆ ಸರಿಯಾಗಿ ತಿಳೀನಿಲ್ಲ. ನಮ್ಮೂರಾಗೆ ಇನ್ನೊಬ್ಬ ಬೋರೇಗೌಡ ಅವ್ನಾ ಅಂತ ಇಚಾರ್ಸಾನ ಅಂತ ಬಂದೆ.”

ನಾನು ತುಣುಕನ್ನು ನನ್ನ ಕಡೆ ತಿರುಗಿಸಿಕೊಂಡೆ.

“ಮರ ನಂದೇ. ಕಾಲು ನಂದೇ. ಈ ಬಾವುಟ ಮಾತ್ರ ಯಾರ್ದು ಅಂತ ಗೊತ್ತಾಗ್ನಿಲ್ಲ.” ಅವರು ಕುಹಕವಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. “ನಾ ಅವತ್ತು ಅರಕಲಗೂಡಿಗೆ ಓಗಿದ್ದೆ. ಪ್ರತಿ ವರ್ಸನೂ ಓಯ್ತೀನಿ, ಜನದ ಸಂದೀಲಿ ನಿಂತ್ಕಂಡು ನೋಡ್ಕಂಡು ಬತ್ತೀನಿ. ನಾ ಆರ್ಸಿದ್ದಿದ್ರೆ ನಂಗೆ ಗೊತ್ತಾಗ್ತಿರ್ನಿಲ್ವಾ?”

ಅವರು ಅಲ್ಲೇ ಇದ್ದರು! ಹಗ್ಗ ಅವರ ಕೈಗೆ ಬರಬೇಕಿದ್ದ ದಿನ, ಅದರಿಂದ ಇಪ್ಪತ್ತು ಮಾರು ದೂರದಲ್ಲಿ, ಜನರ ಸಂದಿಯಲ್ಲಿ.

“ಏನೋ ಹೆಚ್ಚುಕಮ್ಮಿ ಆಗಿದೆ ಗೌಡ್ರೆ” ಅಂದೆ.

“ಆಗ್ಲಿ ಬುಡಿ ತಾಯಿ, ಸರ್ಕಾರದ ಕೆಲಸ, ಸಾವ್ರ ಇರ್ತವೆ. ಬರೋ ವರ್ಸ ಒಂದ್ ಕಿತ ಕರ್ದ್‌ಬುಡಿ. ಬರ್ದಿರಾದು ನಿಜ ಆಗೋಗ್ಲಿ. ನಾ ಯಾರ್ಗೂ ಏಳಾಕಿಲ್ಲ.”

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಮೆಟ್ಟಿಲಿಳಿದು ಹೋಗುವ ಸದ್ದು ನಿಂತ ಮೇಲೆ ಸಾಹೇಬರು ನನ್ನನ್ನು ಕರೆದರು. ಮುಖ ಬಿಳಿಚಿಕೊಂಡಿತ್ತು. ನಾನು ಲಕೋಟೆಯ ವಿಷಯ ಆಗ ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

“ಸದನಕ್ಕೆ ಸುಳ್ಳು ಮಾಹಿತಿ ಕೊಟ್ಟಂಗಾಯ್ತಲ್ಲಮ್ಮ. ಇದು ಹೊರಗೆ ಬಂದ್ರೆ ನೀವು ಸಸ್ಪೆಂಡು, ನಾನೂ ಸಸ್ಪೆಂಡು. ಆ ಮನುಷ್ಯ ಒಳ್ಳೆಯವನು, ಹೇಳೋಲ್ಲ ಅಂದ. ಆದ್ರೆ ಆ ಮೇಷ್ಟ್ರು? ಒಂದು ಹೇಳಿಕೆ ಬರೆಸ್ಕೊಂಡು ಬನ್ನಿ. ನೀವೇ ಹೋಗಿ. ಹೆಂಗಸರು ಹೋದ್ರೆ ಅವ್ರು ಇಲ್ಲ ಅನ್ನೋಲ್ಲ.”

ಆಗ ನನ್ನ ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು. ಯಜಮಾನರು ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತ್ತು. ಇದನ್ನು ಕಾರಣವಾಗಿ ಹೇಳುತ್ತಿದ್ದೇನೆ, ಸಮರ್ಥನೆಯಾಗಿ ಅಲ್ಲ. ನಾನು ಹೋಗುವುದಿಲ್ಲ ಅನ್ನಬಹುದಿತ್ತು. ಹೋಗಿದ್ದು ನಾನು.

ಹೇಳಿಕೆಯನ್ನು ನಾನೇ ಟೈಪು ಮಾಡಿದೆ. ‘ಸದರಿ ದಿನದಂದು ನಾನು ಅರಕಲಗೂಡಿನಲ್ಲಿ ಧ್ವಜಾರೋಹಣ ಮಾಡಿದ್ದು ನಿಜ. ಈ ಬಗ್ಗೆ ನನ್ನ ಯಾವುದೇ ತಕರಾರು ಇರುವುದಿಲ್ಲ.’ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಇಳಿದ ಮೇಲೆ ಎರಡು ಮೈಲಿ ನಡೆದೆ. ಹೊಗೆಸೊಪ್ಪು ಬೇಯಿಸುವ ಕಾಲ. ಊರೊಳಗೆ ಕಾಲಿಡುತ್ತಲೇ ಗಂಟಲು ಕೆರೆಯುವ ಘಾಟು. ಗೌಡರ ಮನೆಯ ಮುಂದಿನ ಚಪ್ಪರದಲ್ಲಿ ನಾಲ್ಕೈದು ಹೆಂಗಸರು ಕೂತು ಹಸಿ ಎಲೆಗಳನ್ನು ಕೋಲಿಗೆ ಪೋಣಿಸಿ ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಳು ಎದ್ದು ಅಂಟು ಕೈ ತೊಳೆದುಕೊಂಡು ಬಂದು ಮಜ್ಜಿಗೆ ಕೊಟ್ಟಳು. ಗೌಡರ ಮಗಳು ಸಾಕಮ್ಮ. ಬೂವನಹಳ್ಳಿಗೆ ಕೊಟ್ಟಿದ್ದರಂತೆ, ಸೊಪ್ಪಿನ ಕೆಲಸ ಜೋರಾಗಿದೆ ಅಂತ ತವರಿಗೆ ಬಂದಿದ್ದಳು.

“ಅಯ್ಯೋ, ಬಿಸ್ಲಾಗೆ ನಡ್ಕಂಡ್ ಬಂದ್ರಾ ತಾಯಿ?” ಅಂತ ಗೌಡರು ಗಡಿಬಿಡಿಯಿಂದ ಚಾಪೆ ಹಾಸಿಸಿದರು. ನಾನು ಹೇಳಿಕೆಯನ್ನು ಓದಿ ಹೇಳಿದೆ. ಒಂದೇ ಉಸಿರಿಗೆ, ತಲೆಯೆತ್ತದೆ.

ಅವರು ಕಾಗದ ಇಸಿದುಕೊಂಡು ಕೆಳಗಿನ ಖಾಲಿ ಜಾಗ ನೋಡಿದರು. ಆಮೇಲೆ, “ಇದುಕ್ಕೆ ರುಜು ಆಕುದ್ರೆ ಬರೋ ವರ್ಸ ಕರೀತೀರಾ?” ಅಂದರು.

ಒಬ್ಬರಿಗೆ ಒಂದೇ ಸಲ. ಈ ಕಾಗದಕ್ಕೆ ಸಹಿ ಬಿದ್ದರೆ ಅವರ ಸರದಿ ಮುಗಿದುಹೋಯಿತು. ಅದು ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನಾನು ಹೂಂ ಅಂತ ತಲೆಯಾಡಿಸಿದೆ.

ಅವರು ನನ್ನ ಮುಖವನ್ನು ಒಂದು ಸಲ ನೋಡಿದರು. ಪೆನ್ನು ತೆಗೆದುಕೊಂಡು, ಗೋಡೆಗೆ ಒರಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಹೊರಡುವಾಗ ಸಾಕಮ್ಮ ನನ್ನ ಚೀಲಕ್ಕೆ ನಾಲ್ಕು ಸೀಬೆಹಣ್ಣು ಹಾಕಿದಳು. ಗೌಡರು ಊರ ಬಾಗಿಲ ತನಕ ಕಾಲೆಳೆಯುತ್ತಾ ಬಂದು ಬಿಟ್ಟುಹೋದರು.

ಮುಂದಿನ ವರ್ಷ ಜುಲೈ ಹೊತ್ತಿಗೆ ಹಳೆಯ ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದಿದ್ದರು. ಚಿಕ್ಕ ವಯಸ್ಸಿನವರು. ಪ್ರತಿ ಹೆಸರಿನ ಎದುರಿಗೂ ಬೆರಳಿಟ್ಟು ಓದುವವರು. ನನ್ನ ಇಡೀ ನೌಕರಿಯಲ್ಲಿ ನಾನು ಕಂಡ ಇಬ್ಬರೋ ಮೂವರೋ ಒಳ್ಳೆಯ ಅಧಿಕಾರಿಗಳಲ್ಲಿ ಅವರೊಬ್ಬರು. ಪಟ್ಟಿ ನೋಡುತ್ತಾ ಅರಕಲಗೂಡಿನ ಹಾಳೆಗೆ ಬಂದರು.

“ಬೋರೇಗೌಡರು... ಇವರದ್ದು ಆಗಿದೆಯಾ ಮೇಡಂ? ಇಷ್ಟು ವಯಸ್ಸಾದವರು, ಬಾಕಿ ಇದ್ರೆ ಈ ಸಲನೇ ಕರೆಯೋಣ.”

ಅವರು ನನ್ನತ್ತ ತಿರುಗಿ, ಪೆನ್ನು ಹಿಡಿದು ಕಾಯುತ್ತಿದ್ದರು. ಹೇಳಿದ್ದರೆ ಕೇಳುತ್ತಿದ್ದರು. ಬೈಯುತ್ತಿದ್ದರೋ ಏನೋ, ಆದರೆ ಗೌಡರನ್ನು ಕರೆಸುತ್ತಿದ್ದರು. ಅಷ್ಟು ಸುಲಭದ ಹೊತ್ತು ನನಗೆ ಮತ್ತೆ ಸಿಗಲಿಲ್ಲ.

“ಆಗಿದೆ ಸಾರ್. ಸಹಿ ಮಾಡಿದ ಹೇಳಿಕೆನೂ ಇದೆ” ಅಂದೆ.

ಅವರು ಹೆಸರಿನ ಮುಂದೆ ಸರಿ ಗುರುತು ಹಾಕಿದರು.

ಆ ಆಗಸ್ಟ್ ಹದಿನೈದಕ್ಕೆ ನನ್ನನ್ನೇ ಅರಕಲಗೂಡಿನ ಕಾರ್ಯಕ್ರಮ ನೋಡಿಕೊಳ್ಳಲು ಕಳಿಸಿದರು. ಹಗ್ಗ ಹಿಡಿದವರು ಬೇರೊಬ್ಬ ಹಿರಿಯರು. ಬಾವುಟ ಬಿಚ್ಚಿಕೊಂಡು ಹೂವು ಉದುರಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಜನರ ನಡುವೆ ನಾನು ಹುಡುಕಬಾರದು ಅಂದುಕೊಂಡೇ ಹುಡುಕಿದೆ. ಗೌಡರು ಬೇಲಿಯ ಪಕ್ಕ ಕಡಲೆಕಾಯಿ ಮಾರುವವಳ ಹಿಂದೆ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಹುಶಃ ಕರೆಯಬಹುದು ಅಂತ ಹಾಕಿಕೊಂಡು ಬಂದಿದ್ದರು. ಅವರು ನನ್ನನ್ನು ಕಂಡು ಎರಡೂ ಕೈ ಎತ್ತಿ ಮುಗಿದರು. ನಾನು ಮಿಠಾಯಿ ಹಂಚುವ ಕಡೆ ಕೆಲಸವಿರುವವಳ ಹಾಗೆ ಹೊರಟುಹೋದೆ.

ಅವರನ್ನು ಕಂಡದ್ದು ಅದೇ ಕೊನೆ. ಆರು ವರ್ಷ ತುಂಬಿ ಆಯೋಗ ಮುಚ್ಚಿತು. ಎರಡನೆಯ ಸಲ ಯಾರೂ ವಿಸ್ತರಣೆ ಕೇಳಲಿಲ್ಲ. ಕಡತಗಳನ್ನು ಗಂಟು ಕಟ್ಟಿ ಕಳಿಸುವಾಗ ಬೋರೇಗೌಡರ ಫೈಲಿನಲ್ಲಿ ನಿಜ ಬರೆದು ಒಂದು ಹಾಳೆ ಸೇರಿಸಿದೆ. ಗಂಟು ಇವತ್ತು ಎಲ್ಲಿದೆಯೋ ತಿಳಿಯದು. ಬಿಚ್ಚುವವರಿಲ್ಲದ ಗಂಟಿನೊಳಗೆ ತಪ್ಪೊಪ್ಪಿಗೆ ಬರೆಯುವುದಕ್ಕೆ ಧೈರ್ಯ ಬೇಡ. ಅವರು ತೀರಿಕೊಂಡ ಸುದ್ದಿ ಎರಡು ವರ್ಷ ತಡವಾಗಿ ಗೊತ್ತಾಯಿತು.

ನಿವೃತ್ತಿಯಾದ ಮೇಲೆ ಒಂದು ದಿನ ಹಾಸನದಿಂದ ಆಟೋ ಮಾಡಿಕೊಂಡು ಬೂವನಹಳ್ಳಿಗೆ ಹೋದೆ. ವಿಮಾನ ನಿಲ್ದಾಣಕ್ಕೆ ಅಂತ ಗುರುತು ಹಾಕಿದ ಜಮೀನಿನ ಪಕ್ಕದಲ್ಲೇ ಸಾಕಮ್ಮನ ಮನೆ. ತಲೆ ಅರ್ಧ ನೆರೆತಿತ್ತು. ನನ್ನನ್ನು ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಹೇಳುವಾಗ ಮತ್ತೆ ಮತ್ತೆ, “ಆ ಲಕೋಟೆ ಮರೆತುಹೋಯ್ತಮ್ಮ” ಅಂತಿದ್ದೆ.

ಅವಳು ಕೊನೆಯ ತನಕ ಕೇಳಿದಳು. “ಮರ್ತಿದ್ದು ಸರಿ ಕಣಮ್ಮ. ಮನುಸ್ರು ಮರೀತಾರೆ. ನಮ್ಮನೆ ಬಾಗ್ಲಿಗೆ ಬಂದು ಮಜ್ಗೆ ಕುಡುದ್ರಲ್ಲ, ಆವಾಗ ಗ್ಯಾಪ್ಕ ಇತ್ತಲ್ವಾ?”

“ಇತ್ತು” ಅಂದೆ.

“ನೀವು ಕರ್ಯಾಕಿಲ್ಲ ಅಂತ ನಮ್ಮಪ್ಪಂಗೆ ಅವತ್ತೇ ಗೊತ್ತಿತ್ತು.”

“ಗೊತ್ತಿದ್ದೂ ಯಾಕೆ ಸಹಿ ಹಾಕಿದ್ರು?”

ಸಾಕಮ್ಮ ಲೋಟ ತೆಗೆದುಕೊಂಡು ಎದ್ದಳು. “ನಾನೂ ಅದನ್ನೇ ಕೇಳ್ದೆ, ನೀವು ಒಂಟೋದ್ಮೇಲೆ. ‘ಕಾಗದ ಓದೋವಾಗ ಆ ಎಣ್ಣುಮಗಳು ತಲೆನೇ ಎತ್ನಿಲ್ಲ ಕಣವ್ವ. ಅವ್ಳ ಕೆಲಸ ಓಗೋ ಅಂಗದೆ. ನಂಗೇನು, ಆ ಬಾವುಟ ನಾ ಅವತ್ತೇ ಮರುದ್ ಮ್ಯಾಲೆ ಕಟ್ಟಿವ್ನಿ’ ಅಂದ.”

ಇನ್ನೊಂದು ಲೋಟ ಕಾಫಿ ಬೇಕೇ ಅಂತ ಅವಳು ಕೇಳಲಿಲ್ಲ. ಹಿತ್ತಿಲಿನಲ್ಲಿ ಹಸು ಕೂಗುತ್ತಿತ್ತು. ಹುಲ್ಲು ಹಾಕಲು ಹೋದಳು. ನಾನು ಸ್ವಲ್ಪ ಹೊತ್ತು ಜಗಲಿಯ ಮೇಲೆ ಒಬ್ಬಳೇ ಕೂತಿದ್ದು, ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಬಂದೆ.